ಮನಸ್ಸನ್ನು ಅಳೆಯುವ ಬಗೆ

ಭೂಮಿಯನ್ನು ಅಳೆಯುವವನಿಗೆ ಸರಪಳಿಯುಂಟು. ಬಂಗಾರವನ್ನು ತೂಗುವವನಿಗೆ ತಕ್ಕಡಿಯುಂಟು. ಕಣ್ಣಿಗೆ ಕಾಣದ ಮನಸ್ಸನ್ನು ಅಳೆಯಹೊರಟವನಿಗೆ ಆಧಾರವೇನು? ‘ಈ ಚೂರ್ಣದಿಂದ ಮಕ್ಕಳ ಜ್ಞಾಪಕಶಕ್ತಿ ಹೆಚ್ಚುವುದೆಂದು ಸಂಶೋಧನೆಯಿಂದ ಸಿದ್ಧವಾಗಿದೆ’ ಎಂಬಂತಹ ಮಾತುಗಳು ಮನೆಮನೆಯ ಬಾಗಿಲಿಗೆ ಬರುತ್ತಿರುವಾಗ, ಮನಶ್ಶಾಸ್ತ್ರದ ಸಂಶೋಧನೆ ಹೇಗೆ ನಡೆಯತಕ್ಕದ್ದು ಎಂಬುದರ ಸ್ಥೂಲಪರಿಚಯ ಗೃಹಸ್ಥರಿಗೂ ಅವಶ್ಯಕ. ಇದನ್ನು ಒಂದು ಕುದುರೆಯ ವೃತ್ತಾಂತದಿಂದ ಆರಂಭಿಸುವುದು ಉಚಿತವೆಂದು ನಾವು ಭಾವಿಸುತ್ತೇವೆ.

ಲೆಕ್ಕ ಬಲ್ಲ ಕುದುರೆ

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜರ್ಮನಿಯ ಬರ್ಲಿನ್ ನಗರದಲ್ಲಿ ವಿಲ್‌ಹೆಲ್ಮ್ ಫಾನ್ ಓಸ್ಟನ್ ಎಂಬ ನಿವೃತ್ತ ಶಿಕ್ಷಕನಿದ್ದನು. ಹಾನ್ಸ್ ಎಂಬ ಅವನ ಕುದುರೆ ಕೂಡುವ ಕಳೆಯುವ ಲೆಕ್ಕಗಳಿಗೆ ಗೊರಸಿನಿಂದ ನೆಲವನ್ನು ತಟ್ಟಿ ಉತ್ತರ ಹೇಳುತ್ತಿತ್ತು. ಒಡೆಯನು ಪ್ರದರ್ಶನಕ್ಕೆ ಕಾಸು ಕೇಳುತ್ತಿರಲಿಲ್ಲ. 1904ರಲ್ಲಿ ಕಾರ್ಲ್ ಸ್ಟುಂಫ್ ಎಂಬ ವಿದ್ವಾಂಸರ ನೇತೃತ್ವದ ಸಮಿತಿಯೊಂದು ಪರಿಶೀಲಿಸಿ, ಇದರಲ್ಲಿ ಮೋಸವಿಲ್ಲವೆಂದು ಸಾರಿತು. ಮೋಸವಿಲ್ಲದಿದ್ದುದು ನಿಜ, ಆದರೆ ಮೋಸವಿಲ್ಲವೆಂದ ಮಾತ್ರಕ್ಕೆ ಕುದುರೆಗೆ ಗಣಿತ ತಿಳಿದಿದೆಯೆಂದಾಗದು.

ಸ್ಟುಂಫ್ ಅವರ ಶಿಷ್ಯ ಓಸ್ಕರ್ ಫುಂಗ್ಸ್ಟ್ ಒಂದು ಸರಳ ಉಪಾಯವನ್ನು ಹೂಡಿದನು. ಅಂಕಿ ಬರೆದ ಹಲಗೆಯನ್ನು ಕುದುರೆಗೆ ತೋರಿಸುವಾಗ, ಒಮ್ಮೆ ಪ್ರಶ್ನೆ ಕೇಳುವವನಿಗೂ ಆ ಅಂಕಿ ತಿಳಿದಿರುವಂತೆ, ಇನ್ನೊಮ್ಮೆ ತಿಳಿಯದಂತೆ ಏರ್ಪಡಿಸಿದನು. ತಿಳಿದಿದ್ದಾಗ ನೂರಕ್ಕೆ 98ರಷ್ಟು ಉತ್ತರಗಳು ಸರಿ. ತಿಳಿಯದಿದ್ದಾಗ 8 ಮಾತ್ರ! ಗೊರಸಿನ ಎಣಿಕೆ ಸರಿಯುತ್ತರಕ್ಕೆ ತಲುಪಿದೊಡನೆ ಪ್ರಶ್ನಿಸುವವನ ತಲೆ ಅವನಿಗೇ ಅರಿವಿಲ್ಲದೆ ಕೂದಲೆಳೆಯಷ್ಟು ಮೇಲೇಳುತ್ತಿತ್ತು. ಕುದುರೆ ಓದುತ್ತಿದ್ದುದು ಅಂಕಿಯನ್ನಲ್ಲ, ಮನುಷ್ಯನ ಮೈಯನ್ನು. ಫುಂಗ್ಸ್ಟ್ ಇದನ್ನು 1907ರಲ್ಲಿ ಗ್ರಂಥವಾಗಿ ಪ್ರಕಟಿಸಿದನು.

ಇದರಿಂದ ಎರಡು ಸೂತ್ರಗಳು ಲಭಿಸುತ್ತವೆ. ಒಂದು, ಬೇರೆಲ್ಲವನ್ನೂ ಹಾಗೆಯೇ ಇರಿಸಿ ಒಂದೇ ಒಂದು ಅಂಶವನ್ನು ಬದಲಿಸಿ ನೋಡಬೇಕು. ಎರಡು, ಪರೀಕ್ಷಿಸುವವನ ನಿರೀಕ್ಷೆ ಪರೀಕ್ಷೆಯೊಳಗೆ ನುಸುಳದಂತೆ ಅವನಿಗೂ ಉತ್ತರವನ್ನು ಮರೆಮಾಡಬೇಕು.

ಎರಡನೆಯ ಸೂತ್ರಕ್ಕೆ ಅಮೆರಿಕದಿಂದ ಮತ್ತೊಂದು ಸಾಕ್ಷಿ ದೊರೆಯಿತು. 1963ರಲ್ಲಿ ರಾಬರ್ಟ್ ರೋಸೆಂತಾಲ್ ಮತ್ತು ಕರ್ಮಿಟ್ ಫೋಡ್ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳಿಗೆ ಇಲಿಗಳನ್ನು ಹಂಚಿ, ಕೆಲವರಿಗೆ ‘ನಿಮ್ಮವು ಚುರುಕಿನ ತಳಿ’ ಎಂದೂ, ಉಳಿದವರಿಗೆ ‘ಮಂದ ತಳಿ’ ಎಂದೂ ಹೇಳಲಾಯಿತು. ವಾಸ್ತವದಲ್ಲಿ ಅವೆಲ್ಲ ಒಂದೇ ಬಗೆಯ ಇಲಿಗಳು. ಆದರೂ ಚುರುಕೆಂದು ಹೇಳಲ್ಪಟ್ಟ ಇಲಿಗಳೇ ದಾರಿಯನ್ನು ಹೆಚ್ಚು ಚೆನ್ನಾಗಿ ಕಲಿತವೆಂದು ವಿದ್ಯಾರ್ಥಿಗಳ ಲೆಕ್ಕ ತೋರಿಸಿತು.

ಹೋಲಿಕೆಯ ಗುಂಪು

ಈಗ ಚೂರ್ಣಕ್ಕೆ ಬರೋಣ. ಮಕ್ಕಳು ಒಂದು ತಿಂಗಳು ಚೂರ್ಣ ಸೇವಿಸಿದರು, ಅಂಕಗಳು ಏರಿದವು ಎನ್ನೋಣ. ಏರಿದುದು ಚೂರ್ಣದಿಂದಲೋ, ಆ ತಿಂಗಳ ಓದಿನಿಂದಲೋ, ಎರಡನೆಯ ಬಾರಿ ಪರೀಕ್ಷೆ ಬರೆದ ರೂಢಿಯಿಂದಲೋ? ಇದನ್ನು ತಿಳಿಯಲು ಚೂರ್ಣವಿಲ್ಲದ ಇನ್ನೊಂದು ಗುಂಪು ಬೇಕು. ಅವರಿಗೂ ರುಚಿ, ಬಣ್ಣಗಳಲ್ಲಿ ಅದನ್ನೇ ಹೋಲುವ ನಿಸ್ಸತ್ವ ಪುಡಿಯನ್ನು ಕೊಡಬೇಕು. ಯಾವ ಮಗು ಯಾವ ಗುಂಪಿಗೆ ಎಂಬುದನ್ನು ಚೀಟಿ ಎತ್ತಿಯೇ ನಿರ್ಧರಿಸಬೇಕು. ಇಷ್ಟಪಟ್ಟವರು ಮಾತ್ರ ಚೂರ್ಣ ಸೇವಿಸಿದರೆ, ಆಸ್ಥೆಯುಳ್ಳ ತಂದೆತಾಯಿಗಳ ಮಕ್ಕಳೇ ಆ ಕಡೆ ಸೇರಿ ಹೋಲಿಕೆಯೇ ಕೆಡುತ್ತದೆ. ಹತ್ತು ಮಕ್ಕಳಿಂದ ಕಂಡುದನ್ನು ನಾಡಿನ ಎಲ್ಲ ಮಕ್ಕಳಿಗೂ ಅನ್ವಯಿಸುವುದೂ ಸಲ್ಲದು. ‘ಜ್ಞಾಪಕಶಕ್ತಿ’ಯೆಂದರೆ ಯಾವುದು, ಅದನ್ನು ಹೇಗೆ ಅಳೆಯುವುದು ಎಂಬುದು ಪ್ರಯೋಗಕ್ಕೆ ಮೊದಲೇ ನಿಶ್ಚಿತವಾಗಿರಬೇಕು, ಫಲ ಬಂದ ಮೇಲೆ ಗುರಿಯನ್ನು ಸರಿಸಬಾರದು.

ಇಷ್ಟಾದರೂ ಒಂದು ಪ್ರಯೋಗ ಅಂತಿಮವಲ್ಲ. ಮನಶ್ಶಾಸ್ತ್ರದ 100 ಅಧ್ಯಯನಗಳನ್ನು ಅನೇಕ ಸಂಶೋಧಕರು ಒಗ್ಗೂಡಿ ಮತ್ತೆ ನಡೆಸಿ 2015ರಲ್ಲಿ ವರದಿ ಪ್ರಕಟಿಸಿದರು. ಮೂಲದಲ್ಲಿ ನೂರಕ್ಕೆ 97ರಷ್ಟು ಅಧ್ಯಯನಗಳು ಗಣನೀಯ ಫಲ ತೋರಿದ್ದವು. ಪುನಃ ನಡೆಸಿದಾಗ ಅಂತಹ ಫಲ ಕಂಡುಬಂದುದು ಸುಮಾರು 36ರಲ್ಲಿ. ಆ ಶಾಸ್ತ್ರದವರೇ ತಮ್ಮ ಶಾಸ್ತ್ರವನ್ನು ಹೀಗೆ ಒರೆಗೆ ಹಚ್ಚಿದುದು ಅದರ ಸತ್ಯನಿಷ್ಠೆಗೆ ಸಾಕ್ಷಿ.

ಒಪ್ಪಿಗೆ ಮತ್ತು ಘನತೆ

ಪ್ರಯೋಗಕ್ಕೊಳಗಾಗುವವನು ವಸ್ತುವಲ್ಲ, ಮನುಷ್ಯ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯು ವಿಷಯವನ್ನು ತಿಳಿಸಿ ಒಪ್ಪಿಗೆ ಪಡೆಯಬೇಕೆನ್ನುತ್ತದೆ. ಮಕ್ಕಳ ವಿಷಯದಲ್ಲಿ ತಂದೆತಾಯಿಗಳ ಒಪ್ಪಿಗೆಯೊಡನೆ, ತಿಳಿವಳಿಕೆ ಬಂದ ಮಗುವಿನ ಸಮ್ಮತಿಯನ್ನೂ ಕೇಳಬೇಕೆನ್ನುತ್ತದೆ. ಆದುದರಿಂದ ಶಾಲೆಯಿಂದ ಇಂತಹ ಪತ್ರ ಬಂದರೆ ಓದದೆ ಸಹಿ ಹಾಕಬಾರದು. ಉದ್ದೇಶವೇನು, ಮಾಹಿತಿ ಯಾರ ಕೈಸೇರುವುದು, ನಡುವೆ ಹಿಂದೆಗೆಯಬಹುದೇ ಎಂದು ಕೇಳುವ ಅಧಿಕಾರ ಪಾಲಕರಿಗುಂಟು.

ಇಲಿಗಳ ಮಾತನ್ನು ಮಕ್ಕಳಿಗೆ ಹಾಗೆಯೇ ಹೊಂದಿಸುವುದು ಈ ಶಾಸ್ತ್ರವೇ ಒಪ್ಪದ ಆತುರ. ಆದರೆ ನೋಡುವವನ ಎಣಿಕೆ ನೋಟವನ್ನು ತಿದ್ದಬಲ್ಲುದೆಂಬ ಎಚ್ಚರಿಕೆ ಮನೆಗೂ ಸಲ್ಲುತ್ತದೆ. ಒಂದೇ ಪರೀಕ್ಷೆಯ ಅಂಕ ನೋಡಿ ಮಗುವನ್ನು ಮಂದನೆಂದು ಕರೆಯುವ ಮುನ್ನ, ಅಳೆದುದು ಏನನ್ನು, ಯಾರೊಡನೆ ಹೋಲಿಸಿದೆವು, ಮತ್ತೊಮ್ಮೆ ನೋಡಿದೆವೇ ಎಂದು ಪ್ರತಿಯೊಬ್ಬ ತಂದೆತಾಯಿಯೂ ತಮ್ಮನ್ನು ತಾವು ಕೇಳಿಕೊಳ್ಳಬೇಕೆಂಬುದು ನಮ್ಮ ವಿನಂತಿ.