ಮನೆಯಲ್ಲಿ ಕಟ್ಟಿದ ವಿಮಾನದ ಎಂಜಿನ್ ನಡುಗಿದಾಗ

ವಿಮಾನವನ್ನು ಮನೆಯಲ್ಲೇ ಕಟ್ಟಬಹುದೆ? ಅಮೆರಿಕದಲ್ಲಿ ಸಾವಿರಾರು ಹವ್ಯಾಸಿಗಳು ಕಟ್ಟಿದ್ದಾರೆ, ಹಾರಿಸುತ್ತಲೂ ಇದ್ದಾರೆ. ಕಾರ್ ಷೆಡ್ಡಿನಲ್ಲಿ ರಜಾದಿನಗಳಲ್ಲಿ ರಿವೆಟ್ ಹೊಡೆಯುತ್ತ, ಕೆಲವು ವರ್ಷಗಳಲ್ಲಿ ಒಂದೆರಡು ಆಸನಗಳ ವಿಮಾನವನ್ನು ಸಿದ್ಧಪಡಿಸುತ್ತಾರೆ. ನಿರ್ಮಾಣದ ಹೆಚ್ಚಿನ ಪಾಲನ್ನು ಹವ್ಯಾಸಿಗಳೇ ಮಾಡಿರಬೇಕು ಎಂಬುದು ಅಲ್ಲಿನ ನಿಯಮ. ಇಂಥವರ ಸಂಘವನ್ನು 1953ರಲ್ಲಿ ವಿಸ್ಕಾನ್ಸಿನ್ ರಾಜ್ಯದಲ್ಲಿ ಪಾಲ್ ಪೊಬೆರೆಜ್ನಿ ಸ್ಥಾಪಿಸಿದರು.

ಈ ವಿಮಾನಗಳ ಅಪಘಾತಗಳನ್ನು ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ 2012ರಲ್ಲಿ ಅಧ್ಯಯನ ಮಾಡಿತು. ಎಲ್ಲಕ್ಕಿಂತ ಹೆಚ್ಚಾಗಿ ಕಂಡುಬಂದವು ಎರಡು: ಹಾರಾಟದಲ್ಲಿ ನಿಯಂತ್ರಣ ತಪ್ಪುವುದು ಮತ್ತು ಎಂಜಿನ್ ವ್ಯವಸ್ಥೆ ಕೈಕೊಡುವುದು. ಎಂಜಿನ್ ಕಾರ್ಖಾನೆಯದೇ ಆಗಿದ್ದರೂ ಅದಕ್ಕೆ ಗಾಳಿ, ಇಂಧನ ತಲಪಿಸುವ ನಳಿಕೆಗಳನ್ನು ಜೋಡಿಸಿದವರು ಹವ್ಯಾಸಿಗಳು ಎಂಬುದನ್ನು ನೆನಪಿಡಿ.

ಎಂಜಿನ್ ಒಂದೇ ಸಮನೆ ಓಡದೆ ನಡುಗಿದರೆ, ನಮ್ಮ ಮೆಕ್ಯಾನಿಕ್‌ಗಳ ಮಾತಿನಲ್ಲಿ 'ಮಿಸ್ಸಿಂಗ್' ಹೊಡೆದರೆ, ಯಾವುದೋ ಸಿಲಿಂಡರಿನಲ್ಲಿ ದಹನ ಸರಿಯಾಗಿ ನಡೆಯುತ್ತಿಲ್ಲ ಎಂದರ್ಥ. ಕಾರಣ ಕಿಡಿ ಇರಬಹುದು, ಇಂಧನ ಇರಬಹುದು, ಗಾಳಿ ಇರಬಹುದು. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ ನೋಡುವುದು ಇಲ್ಲಿನ ವಿಧಾನ. ನಿಮ್ಮ ಪ್ರಯೋಗಶಾಲೆಯದೂ ಅದೇ.

ಕಿಡಿಯ ಪರೀಕ್ಷೆ ಸುಲಭ. ವಿಮಾನದ ಎಂಜಿನ್‌ನಲ್ಲಿ ಪ್ರತಿ ಸಿಲಿಂಡರಿಗೂ ಎರಡು ಸ್ಪಾರ್ಕ್ ಪ್ಲಗ್‌ಗಳಿದ್ದು, ಸಾಮಾನ್ಯವಾಗಿ ಎರಡು ಬೇರೆ ಬೇರೆ ಮ್ಯಾಗ್ನೆಟೋಗಳು ಅವಕ್ಕೆ ವಿದ್ಯುತ್ ಒದಗಿಸುತ್ತವೆ. ನೆಲದ ಮೇಲೆ ಎಂಜಿನ್ ಓಡಿಸಿ ಒಂದು ಮ್ಯಾಗ್ನೆಟೋವನ್ನು ಆರಿಸಿದರೆ ವೇಗ ಸ್ವಲ್ಪ ಇಳಿಯುತ್ತದೆ. ಜ್ವಾಲೆ ಒಂದೇ ಕಡೆಯಿಂದ ಹರಡಬೇಕಾದ್ದರಿಂದ ದಹನ ನಿಧಾನವಾಗುತ್ತದೆ. ಲೈಕಮಿಂಗ್ ಎಂಜಿನ್‌ಗಳಲ್ಲಿ ಈ ಇಳಿಕೆ ನಿಮಿಷಕ್ಕೆ 175 ಸುತ್ತುಗಳನ್ನೂ, ಎರಡು ಮ್ಯಾಗ್ನೆಟೋಗಳ ನಡುವಿನ ವ್ಯತ್ಯಾಸ 50 ಸುತ್ತುಗಳನ್ನೂ ಮೀರಬಾರದು. ಒಂದು ಕಡೆ ಮಾತ್ರ ನಡುಕ ಬಂದರೆ, ಆ ಮ್ಯಾಗ್ನೆಟೋ ಮೇಲೆಯೇ ಸ್ವಲ್ಪ ಹೊತ್ತು ಓಡಿಸಿ ಎಂಜಿನ್ ನಿಲ್ಲಿಸುತ್ತಾರೆ. ನಾಲ್ಕು ಹೊಗೆ ಕೊಳವೆಗಳಲ್ಲಿ ಯಾವುದು ತಣ್ಣಗಿದೆಯೋ ಆ ಸಿಲಿಂಡರಿನ ಪ್ಲಗ್ ಕೆಲಸ ಮಾಡಿಲ್ಲ. (ಮ್ಯಾಗ್ನೆಟೋಗೆ ಬ್ಯಾಟರಿ ಬೇಕಿಲ್ಲ. ಅದನ್ನು ಆರಿಸುವ ತಂತಿ ತುಂಡಾಗಿದ್ದರೆ, ಬೀಗದ ಕೈ ತೆಗೆದ ಮೇಲೂ ಪ್ರೊಪೆಲ್ಲರ್ ತಿರುಗಿಸಿದವರ ಕೈ ಹೋಗಬಹುದು.)

ಗಾಳಿಯ ಸೋರಿಕೆಯ ಗುರುತು ಬೇರೆ. ಥ್ರಾಟಲ್ ಮುಚ್ಚಿದಾಗ ಒಳನಳಿಕೆಯ ಒತ್ತಡ ಹೊರಗಿನದಕ್ಕಿಂತ ಬಹಳ ಕಡಿಮೆ. ಆದ್ದರಿಂದ ಸಡಿಲವಾದ ಜೋಡಣೆಯಲ್ಲಿ ಗಾಳಿ ನುಗ್ಗಿ ಮಿಶ್ರಣ ತೆಳುವಾಗುತ್ತದೆ. ಪೂರ್ಣ ತೆರೆದಾಗ ಒತ್ತಡದ ವ್ಯತ್ಯಾಸವೇ ಉಳಿಯದೆ ಎಂಜಿನ್ ಸರಿಯಾಗಿ ಓಡುತ್ತದೆ.

ಈ ಎರಡೂ ದೋಷಗಳು ನೆಲದ ಮೇಲೆ ಸಿಕ್ಕಿಬೀಳುತ್ತವೆ. ಮೂರನೆಯದು ಹಾಗಲ್ಲ. ವಿಮಾನ ಇಳಿಯುವಾಗ ಎಂಜಿನ್ ನಡುಗಿ ನಿಂತುಹೋಗುತ್ತದೆ. ಚಾಲಕ ಹೇಗೋ ಹೊಲವೊಂದರಲ್ಲಿ ಇಳಿಸುತ್ತಾನೆ. ಅರ್ಧ ಗಂಟೆಯ ನಂತರ ಪರೀಕ್ಷಿಸಿದರೆ ಎಂಜಿನ್ ಚೆನ್ನಾಗಿಯೇ ಓಡುತ್ತದೆ! ದೋಷ ಕಾರ್ಬ್ಯುರೇಟರಿನೊಳಗಿನ ಮಂಜುಗಡ್ಡೆ. ಎಂಜಿನ್ನಿನ ಕಾವಿಗೆ ಅದು ಕರಗಿಹೋಗಿದೆ.

ಅಂದು ಹೊರಗಿನ ಉಷ್ಣತೆ 20° ಸೆ. ಇದ್ದಿರಬಹುದು. ಮಂಜುಗಡ್ಡೆ ಎಲ್ಲಿಂದ ಬಂತು? ಲೆಕ್ಕ ಹಾಕಿ ನೋಡೋಣ. 1 ಕಿಲೋಗ್ರಾಂ ಪೆಟ್ರೋಲ್ ಆವಿಯಾಗಲು ಸುಮಾರು 350 ಕಿಲೋಜೂಲ್ ಗುಪ್ತೋಷ್ಣ ಬೇಕು. ಪ್ರತಿ 15 ಕಿಲೋಗ್ರಾಂ ಗಾಳಿಗೆ 1 ಕಿಲೋಗ್ರಾಂ ಪೆಟ್ರೋಲ್ ಬೆರೆಯುತ್ತದೆ ಎಂದುಕೊಂಡರೆ, 1 ಕಿಲೋಗ್ರಾಂ ಗಾಳಿ ಕೊಡಬೇಕಾದ ಉಷ್ಣ 350 ÷ 15, ಅಂದರೆ ಸುಮಾರು 23 ಕಿಲೋಜೂಲ್. ಗಾಳಿಯ ವಿಶಿಷ್ಟೋಷ್ಣ ಕಿಲೋಗ್ರಾಂಗೆ ಪ್ರತಿ ಡಿಗ್ರಿಗೆ ಸುಮಾರು 1 ಕಿಲೋಜೂಲ್. ಹಾಗಾಗಿ ಗಾಳಿ ಸುಮಾರು 23° ತಣ್ಣಗಾಗಬೇಕು: 20°ಯಿಂದ ಶೂನ್ಯಕ್ಕಿಂತ ಕೆಳಕ್ಕೆ! ಪೆಟ್ರೋಲ್ ಎಲ್ಲವೂ ಅಲ್ಲಿಯೇ ಆವಿಯಾಗುವುದಿಲ್ಲ, ನೀರಾವಿ ಸಾಂದ್ರೀಕರಿಸುವಾಗ ಸ್ವಲ್ಪ ಉಷ್ಣ ಹಿಂದಿರುಗುತ್ತದೆ ಎಂಬುದು ನಿಜ. ಆದರೆ ಅರೆಮುಚ್ಚಿದ ಥ್ರಾಟಲ್ ಬಳಿ ಗಾಳಿ ಹಿಗ್ಗಿ ಇನ್ನಷ್ಟು ತಣ್ಣಗಾಗುತ್ತದೆ. ಇಳಿಯುವಾಗ ಥ್ರಾಟಲ್ ಇರುವುದು ಅದೇ ಸ್ಥಿತಿಯಲ್ಲಿ.

ಉಷ್ಣತೆ 21° ಸೆ.ಗಿಂತ ಕಡಿಮೆ, ಸಾಪೇಕ್ಷ ಆರ್ದ್ರತೆ ಶೇಕಡಾ 80ಕ್ಕಿಂತ ಹೆಚ್ಚು ಇದ್ದಾಗ ಅಪಾಯ ಹೆಚ್ಚೆಂದು ಅಮೆರಿಕದ ವಿಮಾನಯಾನ ಇಲಾಖೆಯ ಕೈಪಿಡಿ ಹೇಳುತ್ತದೆ. ಬೆಂಗಳೂರಿನ ಜುಲೈ ಮುಂಜಾನೆ ಈ ಮಿತಿಯೊಳಗೇ ಬರುತ್ತದೆ. ಬದಲಿಗೆ ಕೊರೆಯುವ ಚಳಿಯ ಗಾಳಿಯಲ್ಲಿ ನೀರಾವಿಯೇ ಕಡಿಮೆ, ಅಪಾಯವೂ ಕಡಿಮೆ. ಇದು ವಿದ್ಯಾರ್ಥಿಗಳನ್ನು ಕೇಳಬಹುದಾದ ಒಳ್ಳೆಯ ಪ್ರಶ್ನೆ.

ಪರಿಹಾರವೇನೋ ಸರಳ. ಹೊಗೆ ಕೊಳವೆಯ ಸುತ್ತ ಕಾದ ಗಾಳಿಯನ್ನು ಕಾರ್ಬ್ಯುರೇಟರಿಗೆ ಹಾಯಿಸುವ ಗುಬುಟೊಂದು ಚಾಲಕನ ಮುಂದಿರುತ್ತದೆ. ಆದರೆ ತಡವಾಗಿ ಎಳೆದರೆ ಮೊದಲು ಆಗುವುದು ವಿರುದ್ಧ ಪರಿಣಾಮ. ಬಿಸಿ ಗಾಳಿಯ ಸಾಂದ್ರತೆ ಕಡಿಮೆಯಾದ್ದರಿಂದ ಶಕ್ತಿ ಇಳಿಯುತ್ತದೆ. ಜೊತೆಗೆ ಕರಗಿದ ನೀರು ಸಿಲಿಂಡರಿಗೆ ಹೋಗಿ ನಡುಕ ಹೆಚ್ಚುತ್ತದೆ. ಗಾಬರಿಯಾದ ಚಾಲಕ ಗುಬುಟನ್ನು ಹಿಂದಕ್ಕೆ ತಳ್ಳಿಬಿಟ್ಟರೆ? ಉಳಿದ ಮಂಜುಗಡ್ಡೆ ಮತ್ತೆ ಬೆಳೆಯುತ್ತದೆ, ಬಿಸಿ ಮಾಡುವ ಹೊಗೆಯೂ ಎಂಜಿನ್ ಸೋತಂತೆ ತಣ್ಣಗಾಗುತ್ತದೆ. ಆ ಕೆಲವು ಕ್ಷಣ ಎಂಜಿನ್ ಕೆಮ್ಮಿದರೂ ಕೈ ತೆಗೆಯದಿರಲು, ಒಳಗೆ ಏನು ನಡೆಯುತ್ತಿದೆಯೆಂದು ತಿಳಿದಿರಬೇಕು.

ಹವ್ಯಾಸಿಗಳ ವಿಮಾನಗಳಿಗೆ ಇಲ್ಲಿ ಇನ್ನೊಂದು ತೊಡಕುಂಟು. ಸಾಧಾರಣ ಕಾರ್ಬ್ಯುರೇಟರ್ ಇರುವ ಕಾರ್ಖಾನೆಯ ವಿಮಾನಗಳಲ್ಲಿ ಈ ವ್ಯವಸ್ಥೆ ಗಾಳಿಯನ್ನು ಸುಮಾರು 50° ಸೆ.ನಷ್ಟು ಬಿಸಿ ಮಾಡಬೇಕೆಂಬ ನಿಯಮ ಅಮೆರಿಕದಲ್ಲಿ ಬಹುಕಾಲದಿಂದ ಇತ್ತು. ಮನೆಯಲ್ಲಿ ಕಟ್ಟಿದ ವಿಮಾನಗಳಿಗೆ ಅದು ಅನ್ವಯಿಸದು. ಜಾಗ ಉಳಿಸಲೆಂದು ಸಣ್ಣ ತಗಡಿನ ಹೊದಿಕೆ ಹಾಕಿದವರಿಗೆ ಗುಬುಟು ಇದ್ದರೂ ಸಾಕಷ್ಟು ಬಿಸಿ ಸಿಗದಿರಬಹುದು. ನೆಲದ ಮೇಲೆ ಓಡಿಸುವಾಗ ಗುಬುಟು ಎಳೆದು ನೋಡಬೇಕು: ವೇಗ ಇಳಿಯದಿದ್ದರೆ ಬಿಸಿ ಗಾಳಿ ಬರುತ್ತಿಲ್ಲ. ಇಳಿದು, ತಾನಾಗಿಯೇ ಏರತೊಡಗಿ, ಗುಬುಟು ತಳ್ಳಿದ ಮೇಲೆ ಮೊದಲಿಗಿಂತ ಹೆಚ್ಚಿನ ವೇಗದಲ್ಲಿ ನಿಂತರೆ, ಅಷ್ಟು ಹೊತ್ತಿಗಾಗಲೇ ಒಳಗೆ ಮಂಜುಗಡ್ಡೆ ಕಟ್ಟಿತ್ತು.