ಮನೆಯ ಸೊಳ್ಳೆ ಮನೆಯಲ್ಲೇ ಹುಟ್ಟಿದ್ದು



ಊರಿನಿಂದ ಬಂದ ಅಜ್ಜಿಯಂದಿರ ಬಾಯಲ್ಲಿ ಇದರ ಹೆಸರನ್ನು ನೀವು ಹಲವು ಬಗೆಯಲ್ಲಿ ಕೇಳಿರುತ್ತೀರಿ. ಸೊಳ್ಳೆ ಎನ್ನುವವರುಂಟು, ನುಸಿ ಎನ್ನುವವರುಂಟು, ತುಳು ಮನೆಗಳಲ್ಲಿ ಅದು ಉಮಿಲ್. ಕಾಲೇಜಿನ ಗೆಳೆಯರ ನಡುವೆ ನಿಮಗೆ ಅದು ಮಚ್ಛರ್. ಹೆಸರು ಏನೇ ಇರಲಿ, ಎಲ್ಲ ಸೊಳ್ಳೆಯೂ ಒಂದೇ ಎಂದುಕೊಳ್ಳುವಲ್ಲಿ ನಾವು ಎಡವುತ್ತೇವೆ. ಸಂಜೆಯಾದೊಡನೆ ಕಿಟಕಿ ಮುಚ್ಚಿ, ಸೊಳ್ಳೆಬತ್ತಿ ಹಚ್ಚಿ, "ಎಲ್ಲ ಆ ಗಟಾರದ ಕಾಟ" ಎಂದು ಪಾಲಿಕೆಯನ್ನು ಬೈದು ಮಲಗುತ್ತೇವೆ. ಗಟಾರದ ಸೊಳ್ಳೆ ಬೇರೆ, ಡೆಂಗ್ಯೂ ತರುವ ಸೊಳ್ಳೆ ಬೇರೆ.

ರಾತ್ರಿ ಕಿವಿಯ ಬಳಿ ಗುಂಯ್‌ಗುಡುವ ಕಂದು ಬಣ್ಣದ ಸೊಳ್ಳೆ ಸಾಮಾನ್ಯವಾಗಿ ಕ್ಯೂಲೆಕ್ಸ್. ಕೊಳಚೆ ನೀರು ಅದರ ತವರು. ಆನೆಕಾಲು ರೋಗ ಹರಡುವುದು ಇದೇ. ಈಡಿಸ್ ಹಾಗಲ್ಲ. ಮೈ ಕಪ್ಪು, ಕಾಲುಗಳ ಮೇಲೆ ಬಿಳಿ ಪಟ್ಟೆ. ಬೆಳಿಗ್ಗೆಯೂ ಸಂಜೆ ಕತ್ತಲಾಗುವ ಮೊದಲೂ, ನೀವು ಮೇಜಿನ ಮುಂದೆ ಪರೀಕ್ಷೆಗೆ ಓದುತ್ತ ಕುಳಿತಾಗ, ಸದ್ದಿಲ್ಲದೆ ಕಾಲಿನ ಹರಡಿಗೆ ಕಚ್ಚುತ್ತದೆ. ಡೆಂಗ್ಯೂ, ಚಿಕುನ್‌ಗುನ್ಯಾ ಎರಡನ್ನೂ ತರುವುದು ಇದು. ಮೂರನೆಯದು ಅನಾಫಿಲಿಸ್. ಗೋಡೆಯ ಮೇಲೆ ತಲೆ ತಗ್ಗಿಸಿ, ಹಿಂಭಾಗ ಎತ್ತಿ, ಓರೆಯಾಗಿ ಕುಳಿತುಕೊಳ್ಳುತ್ತದೆ. ಇದು ಮಲೇರಿಯಾದ ಸೊಳ್ಳೆ. ಮೂರರಲ್ಲೂ ರಕ್ತ ಹೀರುವುದು ಹೆಣ್ಣು ಮಾತ್ರ. ಗಂಡು ಹೂವಿನ ರಸ ಕುಡಿದುಕೊಂಡು ತನ್ನ ಪಾಡಿಗಿರುತ್ತದೆ.

ಹಾರುವ ಸೊಳ್ಳೆಯನ್ನು ಗುರುತಿಸುವುದು ಕಷ್ಟವೆನಿಸಿದರೆ ಮರಿಗಳನ್ನು ನೋಡಿ. ಬಿಳಿ ಬಟ್ಟಲಿನಲ್ಲಿ ಆ ನೀರನ್ನು ಎತ್ತಿಕೊಳ್ಳಿ. ನೀರಿನ ಮೇಲ್ಮೈಗೆ ಸಮನಾಗಿ, ಅಡ್ಡಡ್ಡ ಮಲಗಿದ್ದರೆ ಅನಾಫಿಲಿಸ್. ತಲೆ ಕೆಳಗೆ ಮಾಡಿ, ಬಾಲದ ಕೊಳವೆಯಿಂದ ಉಸಿರಾಡುತ್ತ ಜೋತುಬಿದ್ದಿದ್ದರೆ ಉಳಿದೆರಡರಲ್ಲಿ ಒಂದು. ನೋಡಿ ಮುಗಿದ ಮೇಲೆ ಆ ನೀರನ್ನು ಗಟಾರಕ್ಕೆ ಸುರಿಯಬೇಡಿ, ಬಿಸಿಲಿನ ಒಣ ನೆಲಕ್ಕೆ ಚೆಲ್ಲಿ.

ಈಗ ಮುಖ್ಯ ವಿಷಯ. ಈಡಿಸ್ ದೂರ ಹಾರುವ ಪ್ರಾಣಿಯೇ ಅಲ್ಲ. ಹೆಚ್ಚಾಗಿ ನೂರಿನ್ನೂರು ಮೀಟರಿನೊಳಗೇ ಅದರ ಬದುಕು ಮುಗಿಯುತ್ತದೆ. ಅಂದರೆ ನಿಮ್ಮನ್ನು ಕಚ್ಚಿದ್ದು ಬಹುಮಟ್ಟಿಗೆ ನಿಮ್ಮ ಮನೆಯಲ್ಲೋ, ನಿಮ್ಮ ಕಟ್ಟಡದಲ್ಲೋ, ಪಕ್ಕದ ಕಟ್ಟಡದಲ್ಲೋ ಹುಟ್ಟಿದ್ದು. ಅದು ಮೊಟ್ಟೆಯಿಡುವುದು ಶುದ್ಧ ನೀರಿರುವ ಪಾತ್ರೆಯ ಗೋಡೆಗೆ, ನೀರಿನ ಅಂಚಿಗಿಂತ ತುಸು ಮೇಲೆ. ನೀರು ಒಣಗಿದರೂ ಆ ಮೊಟ್ಟೆಗಳು ತಿಂಗಳುಗಟ್ಟಲೆ ಜೀವ ಹಿಡಿದುಕೊಂಡಿರುತ್ತವೆ, ಮತ್ತೆ ನೀರು ತಾಗಿದಾಗ ಒಡೆಯುತ್ತವೆ. ಆದ್ದರಿಂದ ಬರೀ ನೀರು ಚೆಲ್ಲಿದರೆ ಸಾಲದು, ಗೋಡೆಯನ್ನು ತಿಕ್ಕಬೇಕು. ನಮ್ಮ ಸೆಕೆಯಲ್ಲಿ ಮೊಟ್ಟೆ ರೆಕ್ಕೆಯ ಸೊಳ್ಳೆಯಾಗಲು ಸುಮಾರು ಏಳರಿಂದ ಹತ್ತು ದಿನ. ವಾರಕ್ಕೊಮ್ಮೆ ತಿಕ್ಕಿದರೆ ಲೆಕ್ಕ ತಪ್ಪುತ್ತದೆ, ಸೊಳ್ಳೆಯ ಲೆಕ್ಕ! ಊರಿನ ಮನೆಯಲ್ಲಿ ಅಜ್ಜಿ ಶುಕ್ರವಾರ ಬಂತೆಂದರೆ ತಾಮ್ರದ ಹಂಡೆಯನ್ನು ಖಾಲಿ ಮಾಡಿ ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದುದು ಹೊಳಪಿಗಾಗಿ. ಈಡಿಸ್‌ಗೆ ಅದೇ ಮುಳುವಾಗುತ್ತಿತ್ತು.

ಇದು ಹೊಸ ಉಪಾಯವೂ ಅಲ್ಲ. 1897ರಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ರೋಗಾಣುವನ್ನು ಕಂಡುಹಿಡಿದ ರೊನಾಲ್ಡ್ ರಾಸ್, ಅದಕ್ಕೂ ಮೊದಲು, 1883ರಲ್ಲಿ, ನಮ್ಮ ಬೆಂಗಳೂರಿನಲ್ಲಿ ಸೇನಾ ವೈದ್ಯರಾಗಿದ್ದರು. ಬಂಗಲೆಯಲ್ಲಿ ಸೊಳ್ಳೆಕಾಟ ತಡೆಯಲಾಗದೆ ಹುಡುಕಿದಾಗ ಕಿಟಕಿಯ ಹೊರಗಿದ್ದ ಪೀಪಾಯಿಯಲ್ಲಿ ಮರಿಗಳು ಕಂಡವು. ಅದನ್ನು ಮಗುಚಿದರು, ಕಾಟ ಇಳಿಯಿತು. ಉಳಿದ ಪೀಪಾಯಿಗಳನ್ನೂ ಖಾಲಿ ಮಾಡಿಸೋಣವೆಂದರೆ ಅಲ್ಲಿಯ ಅಧಿಕಾರಿ ಒಪ್ಪಲಿಲ್ಲ. ಸೊಸೈಟಿ ಮೀಟಿಂಗಿನಲ್ಲಿ ಕುಳಿತವರಿಗೆ ಆ ಅಧಿಕಾರಿಯ ಪರಿಚಯ ಬೇಕಿಲ್ಲ.

ಮುಂಬಯಿಯ ಮಲೇರಿಯಾ ಕುರಿತು 1911ರಲ್ಲಿ ಡಾ. ಬೆಂಟ್ಲಿ ವರದಿ ಕೊಟ್ಟಾಗ ಬೆರಳು ತೋರಿಸಿದ್ದು ಬಾವಿ, ತೊಟ್ಟಿಗಳತ್ತ. ಇಂದಿಗೂ ಟೆರೇಸಿನ ಟಾಂಕಿಯೇ ನಗರದ ಅನಾಫಿಲಿಸ್‌ಗೆ ಪ್ರಿಯ. ಹಿರಿಯರ ಮಂಡಿ ಏಣಿ ಹತ್ತಲು ಬಿಡದು, ನೀವು ವಾಚ್‌ಮನ್‌ನನ್ನು ಕರೆದುಕೊಂಡು ಹತ್ತಿ. ಮುಚ್ಚಳ ಬಿಗಿಯಾಗಿದೆಯೇ, ನೀರು ಉಕ್ಕಿ ಬರುವ ಪೈಪಿನ ಬಾಯಿಗೆ ಬಲೆ ಇದೆಯೇ ನೋಡಿ. ಮಳೆಗಾಲಕ್ಕೆಂದು ಹೊದಿಸಿದ ನೀಲಿ ತಾಡಪತ್ರಿಯ ಮಡಿಕೆಗಳನ್ನು ಮರೆಯಬೇಡಿ. ಒಂದೊಂದು ಮಡಿಕೆಯೂ ಒಂದು ಪುಟ್ಟ ಕೆರೆ. ಬಿಸಾಡಿದ ಟೈರು, ಪೇಂಟಿನ ಡಬ್ಬಿ, ಲಿಫ್ಟಿನ ಗುಂಡಿಯಲ್ಲಿ ನಿಂತ ನೀರು. ಮನೆಯೊಳಗೆ ಫ್ರಿಜ್ಜಿನ ಹಿಂದಿನ ತಟ್ಟೆ, ಹೂಕುಂಡದ ಅಡಿತಟ್ಟೆ, ಶೀಸೆಯಲ್ಲಿಟ್ಟ ಮನಿಪ್ಲಾಂಟ್. ದಿಲ್ಲಿಯವರಿಗೆ ಕೂಲರ್, ಚೆನ್ನೈ, ಹೈದರಾಬಾದಿನವರಿಗೆ ಸಂಪು. ದಿನಕ್ಕೊಂದು ಗಂಟೆ ನೀರು ಬರುವ ಚಾಳಿನಲ್ಲಿ ಡ್ರಮ್ ಖಾಲಿ ಮಾಡಿ ಎಂದರೆ ಅಮ್ಮ ಸುಮ್ಮನಿರುವರೇ? ಬಾಯಿಗೆ ದಟ್ಟ ಬಟ್ಟೆ ಬಿಗಿದು ಕಟ್ಟಿ.

ಹೊಗೆ ಯಂತ್ರ ಬಂದರೆ ಮಕ್ಕಳಿಗೆ ಖುಷಿ, ದೊಡ್ಡವರಿಗೆ ಸಮಾಧಾನ. ಆದರೆ ಹೊಗೆ ಕೊಲ್ಲುವುದು ಆ ಹೊತ್ತಿಗೆ ಹಾರುತ್ತಿದ್ದವನ್ನು. ನೀರಿನೊಳಗಿನ ಮರಿಗೆ ಅದರಿಂದ ಏನೂ ಆಗದು. ಬಾಗಿಲು ಕಿಟಕಿ ಮುಚ್ಚಿದ ಕೋಣೆಯಲ್ಲಿ ರಾತ್ರಿಯಿಡೀ ಸೊಳ್ಳೆಬತ್ತಿ ಉರಿಸುವುದು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಸೊಳ್ಳೆಪರದೆ ಹಳೆಯ ಕಾಲದ್ದೆಂದು ಮೂಗು ಮುರಿಯಬೇಡಿ. ರಜೆಯಲ್ಲಿ ಊರಿಗೆ ಹೋದಾಗ ಮನೆಯ ಬಾವಿಗೆ ಗಪ್ಪಿ ಮೀನು ಬಿಡುವ ಬಗ್ಗೆ ಆರೋಗ್ಯ ಇಲಾಖೆಯವರನ್ನು ಕೇಳಬಹುದು. ಕೋಲಾರ ಜಿಲ್ಲೆಯ ಕಾಮಸಮುದ್ರದ ಕಡೆ ಈ ಮೀನು ಮಲೇರಿಯಾದ ವಿರುದ್ಧ ಚೆನ್ನಾಗಿ ದುಡಿದಿದೆ. ಕೆರೆ, ಹೊಳೆಗೆ ಮಾತ್ರ ಬಿಡಬೇಡಿ, ಅಲ್ಲಿಯ ಮೀನುಗಳಿಗೆ ಅದು ತೊಂದರೆ.

ಇಷ್ಟಾಗಿಯೂ ಜ್ವರ ಬಂದರೆ ರಕ್ತ ಪರೀಕ್ಷೆ ಮಾಡಿಸಿ. ವೈದ್ಯರನ್ನು ಕಾಣುವ ಮೊದಲು ಮೈಕೈ ನೋವೆಂದು ಆಸ್ಪಿರಿನ್, ಐಬುಪ್ರೊಫೆನ್ ನುಂಗಬೇಡಿ. ಡೆಂಗ್ಯೂ ಆಗಿದ್ದರೆ ರಕ್ತಸ್ರಾವ ಹೆಚ್ಚುವ ಭಯವಿದೆ. ಪ್ಯಾರಾಸಿಟಮಾಲ್ ಸಾಕು. ಡೆಂಗ್ಯೂವಿನಲ್ಲಿ ಜ್ವರ ಇಳಿಯುವ ದಿನಗಳೇ ಹೆಚ್ಚು ಅಪಾಯದವು. ಆಗ ಹೊಟ್ಟೆನೋವು, ನಿಲ್ಲದ ವಾಂತಿ, ಒಸಡಿನಲ್ಲಿ ರಕ್ತ, ವಿಪರೀತ ಸುಸ್ತು ಕಂಡರೆ ಒಡನೆ ಆಸ್ಪತ್ರೆಗೆ ಕರೆದೊಯ್ಯಿರಿ. ಜ್ವರದಲ್ಲಿ ಮಲಗಿದವರಿಗೆ ಹಗಲಿನಲ್ಲೂ ಪರದೆ ಕಟ್ಟಿ. ಅವರನ್ನು ಕಚ್ಚಿದ ಈಡಿಸ್, ಎಂಟು ಹತ್ತು ದಿನ ಕಳೆದ ಮೇಲೆ, ಪಕ್ಕದ ಮನೆಯ ಮಗುವಿಗೂ ಆ ಜ್ವರವನ್ನು ಮುಟ್ಟಿಸಬಲ್ಲದು.