ಚೀಲದೊಳಗಿನ ಅರ್ಥಶಾಸ್ತ್ರ

ಗೋಲಿ ಕೊಟ್ಟು ಅಂಚೆಚೀಟಿ ಪಡೆಯುವ ಹುಡುಗನಿಗೆ ತಾನು ಅರ್ಥಶಾಸ್ತ್ರದ ಮೊದಲ ಪಾಠ ಕಲಿಯುತ್ತಿದ್ದೇನೆ ಎಂಬುದು ಗೊತ್ತಿರುವುದಿಲ್ಲ. ಅಮೆರಿಕದಲ್ಲಿ ಇಂಥ ಅದಲುಬದಲನ್ನೇ ಪಾಠವಾಗಿಸಿ, ಬೇಸಿಗೆ ರಜೆಯಲ್ಲಿ ಹೈಸ್ಕೂಲು ವಿದ್ಯಾರ್ಥಿಗಳಿಗೆ ಮುಕ್ತ ಮಾರುಕಟ್ಟೆಯ ತತ್ತ್ವವನ್ನು ಕಲಿಸುವ ಶಿಬಿರಗಳಿವೆ.

ಇವುಗಳ ಹಿಂದೆ ಒಂದು ಇತಿಹಾಸವಿದೆ. ಎರಡನೆಯ ಮಹಾಯುದ್ಧ ಮುಗಿದ ಮರುವರ್ಷ, 1946ರಲ್ಲಿ, ಲೆನಾರ್ಡ್ ರೀಡ್ ಎಂಬಾತ ನ್ಯೂಯಾರ್ಕ್ ರಾಜ್ಯದ ಇರ್ವಿಂಗ್‌ಟನ್‌ನಲ್ಲಿ 'ಫೌಂಡೇಶನ್ ಫಾರ್ ಎಕನಾಮಿಕ್ ಎಜುಕೇಶನ್' ಸಂಸ್ಥೆಯನ್ನು ಆರಂಭಿಸಿದ. ಯುದ್ಧಕಾಲದಲ್ಲಿ ಬೆಲೆ, ಪಡಿತರಗಳೆಲ್ಲ ಸರ್ಕಾರದ ಹಿಡಿತದಲ್ಲಿದ್ದವು. ಆ ಹಿಡಿತ ಖಾಯಂ ಆಗಬಾರದೆಂಬುದು ಅವನ ವಾದ. 1958ರಲ್ಲಿ ಆತ ಬರೆದ ಪುಟ್ಟ ಪ್ರಬಂಧದಲ್ಲಿ ಪೆನ್ಸಿಲ್ಲೊಂದು ತನ್ನ ವಂಶಾವಳಿ ಹೇಳಿಕೊಳ್ಳುತ್ತದೆ: ಮರ ಅಮೆರಿಕದ ಪಶ್ಚಿಮ ತೀರದ್ದು, ಗ್ರಾಫೈಟ್ ಸಿಂಹಳದ್ದು. ಪೆನ್ಸಿಲ್ ಮಾಡುವ ಇಡೀ ವಿದ್ಯೆ ಒಬ್ಬನಿಗೂ ತಿಳಿದಿಲ್ಲ. ಪರಸ್ಪರ ಮುಖಪರಿಚಯವೂ ಇಲ್ಲದ ಸಾವಿರಾರು ಮಂದಿಯನ್ನು ಜೋಡಿಸುವುದು ಮಾರುಕಟ್ಟೆ ಎಂಬುದು ಅದರ ತಾತ್ಪರ್ಯ. ಮುಂದೆ 1975ರಲ್ಲಿ ಹುಟ್ಟಿದ 'ಫೌಂಡೇಶನ್ ಫಾರ್ ಟೀಚಿಂಗ್ ಎಕನಾಮಿಕ್ಸ್' ದಾನಿಗಳ ನೆರವಿನಿಂದ, ವಿಶ್ವವಿದ್ಯಾಲಯಗಳ ಆವರಣದಲ್ಲಿ ಹೈಸ್ಕೂಲು ಮಕ್ಕಳಿಗಾಗಿ ಒಂದು ವಾರದ ಶಿಬಿರಗಳನ್ನು ನಡೆಸುತ್ತ ಬಂದಿದೆ.

ಅರ್ಥಶಾಸ್ತ್ರದ ಇಂಥ ತರಗತಿಗಳಲ್ಲಿ ಜನಪ್ರಿಯವಾದ ಆಟವೊಂದಿದೆ. ಪ್ರತಿಯೊಬ್ಬರಿಗೂ ಒಂದು ಚೀಲ. ಒಳಗೆ ಮಿಠಾಯಿಯೋ ಪೆನ್ನೋ ಆಟಿಕೆಯೋ ಇರುತ್ತದೆ. ತನ್ನ ಪಾಲಿಗೆ ಬಂದ ವಸ್ತುವಿಗೆ ಪ್ರತಿಯೊಬ್ಬರೂ ಹತ್ತರಲ್ಲಿ ಇಷ್ಟು ಎಂದು ಅಂಕ ಕೊಡಬೇಕು. ಮೇಷ್ಟ್ರು ಅವನ್ನು ಹಲಗೆಯ ಮೇಲೆ ಕೂಡಿಸುತ್ತಾರೆ. ಬಳಿಕ ಅಕ್ಕಪಕ್ಕದವರೊಂದಿಗೆ, ಆಮೇಲೆ ಇಡೀ ಕೋಣೆಯಲ್ಲಿ ವಿನಿಮಯಕ್ಕೆ ಅವಕಾಶ. ಕೊನೆಗೆ ಮತ್ತೆ ಕೂಡಿದರೆ ಮೊತ್ತ ಹೆಚ್ಚಾಗಿರುತ್ತದೆ. ಹೊಸ ವಸ್ತು ಒಂದೂ ಬಂದಿಲ್ಲ, ಆದರೂ ಸಂತೋಷ ಬೆಳೆದಿದೆ! ಒಬ್ಬನ ಲಾಭ ಇನ್ನೊಬ್ಬನ ನಷ್ಟವಾಗಲೇಬೇಕಿಲ್ಲ ಎಂಬುದನ್ನು ಇದಕ್ಕಿಂತ ಸುಲಭವಾಗಿ ಹೇಳುವುದು ಕಷ್ಟ.

ತರಗತಿಯಲ್ಲಿ ಸಂತೆ ಹೂಡುವ ಪದ್ಧತಿಗೆ ವಿದ್ವತ್ತಿನ ಹಿನ್ನೆಲೆಯೂ ಇದೆ. ಹಾರ್ವರ್ಡ್‌ನ ಎಡ್ವರ್ಡ್ ಚೇಂಬರ್ಲಿನ್ ವಿದ್ಯಾರ್ಥಿಗಳಿಂದ ಕೊಳ್ಳು-ಮಾರು ಆಟ ಆಡಿಸಿ, ಬೆಲೆ ಸಿದ್ಧಾಂತ ಹೇಳಿದಲ್ಲಿಗೆ ಬರುವುದಿಲ್ಲವೆಂದು 1948ರಲ್ಲಿ ಬರೆದರು. ಅಲ್ಲಿ ವಿದ್ಯಾರ್ಥಿಯಾಗಿದ್ದ ವರ್ನನ್ ಸ್ಮಿತ್ 1956ರಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ನಿಯಮ ಬದಲಿಸಿದರು. ಎಲ್ಲರೂ ಬೆಲೆಯನ್ನು ಕೂಗಿ ಹೇಳಬೇಕು, ಸುತ್ತಿನ ಮೇಲೆ ಸುತ್ತು ಆಡಬೇಕು. ಆಗ ಬೆಲೆ ಸಿದ್ಧಾಂತದ ಹತ್ತಿರಕ್ಕೇ ಬಂದು ನಿಂತಿತು. 2002ರ ನೊಬೆಲ್ ಪ್ರಶಸ್ತಿಯಲ್ಲಿ ಅವರಿಗೆ ಪಾಲು ದೊರೆಯಿತು. ಆದರೆ ಅದೇ ಸ್ಮಿತ್ 1988ರಲ್ಲಿ ಇಬ್ಬರು ಸಹೋದ್ಯೋಗಿಗಳೊಂದಿಗೆ ಪ್ರಕಟಿಸಿದ ಪ್ರಯೋಗದಲ್ಲಿ ಆಟಗಾರರು ಷೇರಿನಂಥ ಪತ್ರಗಳನ್ನು ಕೊಂಡು ಮಾರಿದರು. ಅದರ ನಿಜವಾದ ಮೌಲ್ಯ ಎಷ್ಟೆಂದು ಲೆಕ್ಕ ಹಾಕುವುದು ಸಾಧ್ಯವಿದ್ದರೂ ಬೆಲೆ ಗುಳ್ಳೆಯಂತೆ ಉಬ್ಬಿ ಕುಸಿಯಿತು. ಸರಕಿನ ಸಂತೆಯಲ್ಲಿ ಜಾಣರಾದವರು ಷೇರಿನ ಸಂತೆಯಲ್ಲಿ ಮೋಸಹೋಗಬಹುದು ಎಂದಾಯಿತು.

ಈ ಎರಡನೆಯ ಪಾಠವನ್ನೂ ಹೇಳಿದಾಗಲೇ ಶಿಬಿರ ಶಿಕ್ಷಣವಾಗುತ್ತದೆ. ಇಲ್ಲವಾದರೆ ಅದು ಬರಿಯ ಪ್ರಚಾರ. ಪುಕ್ಕಟೆ ಊಟವೆಂಬುದಿಲ್ಲ ಎನ್ನುವುದು ಅರ್ಥಶಾಸ್ತ್ರಜ್ಞರಿಗೆ ಪ್ರಿಯವಾದ ಮಾತು. ಶಿಬಿರದ ಊಟಕ್ಕೂ ಅದು ಸಲ್ಲುತ್ತದೆ. ಹಣ ಕೊಡುವ ದಾನಿಗೆ ತನ್ನದೇ ಆದ ನಂಬಿಕೆಗಳಿರುತ್ತವೆ, ಮಕ್ಕಳಿಗೆ ಅದು ತಿಳಿದಿರಬೇಕು.

ಚೀಲದ ಆಟದಲ್ಲೂ ಕೇಳಬೇಕಾದ ಪ್ರಶ್ನೆಯೊಂದು ಉಳಿದಿದೆ. ಒಬ್ಬನ ಚೀಲದಲ್ಲಿ ಚಾಕೊಲೇಟು, ಇನ್ನೊಬ್ಬನದರಲ್ಲಿ ರಬ್ಬರ್ ಬ್ಯಾಂಡು. ಒಟ್ಟು ಮೊತ್ತ ಏರಿದರೂ ರಬ್ಬರ್ ಬ್ಯಾಂಡಿನವನು ಹೆಚ್ಚೇನೂ ಪಡೆಯಲಾರ. ವಿನಿಮಯ ಇಬ್ಬರಿಗೂ ಒಳ್ಳೆಯದು ಎಂಬುದು ನಿಜ. ಆದರೆ ಆಟಕ್ಕೆ ಮೊದಲೇ ಚೀಲಗಳನ್ನು ತುಂಬಿಸಿದವರು ಯಾರು, ಹೇಗೆ? ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದುನಿಂತು ಹೀಗೆ ಕೇಳಿದರೆ ಮೇಷ್ಟ್ರು ಸಿಟ್ಟಾಗಬಾರದು. ಅವಳು ಪಾಠವನ್ನು ಸರಿಯಾಗಿಯೇ ಕಲಿತಿದ್ದಾಳೆ.